ಮಾತು ಮುಗಿಸುವ ಯಂತ್ರ

ರೇವಣಸಿದ್ಧ ತಳವಾರರನ್ನು ಮೊದಲ ಸಲ ಕಂಡ ದಿನವೇ ನಾನು ಅವರ ಮಾತನ್ನು ನಡುವೆ ಕಿತ್ತುಕೊಂಡು ಮುಗಿಸಿದ್ದೆ. ಹುಲಿಕುಂಟೆ ಭೂಕೇಂದ್ರದ ಧ್ವನಿಮುದ್ರಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು, "ಮೇಡಂ, ನ... ನನಗ ಒಂದ್ ನಿ... ನಿ... ನಿ..." ಎಂದು ತಡವರಿಸುತ್ತಿದ್ದರು. ನನಗೆ ತಾಳ್ಮೆ ಹುಟ್ಟಿನಿಂದಲೇ ಕಡಿಮೆ. "ನೀರಾ? ತರಿಸ್ತೀನಿ ಇರಿ" ಎಂದೆ. ಅವರು ತಲೆಯಾಡಿಸಿದರು. ನೀರು ಬಂತು, ಕುಡಿದರು, ಥ್ಯಾಂಕ್ಸ್ ಎಂದರು. ಅವರು ಕೇಳಿದ್ದು ನೀರಲ್ಲ, ಒಂದು ನಿಮಿಷದ ಬಿಡುವು. ಅದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಅವರ ಹೆಂಡತಿಯ ಬಾಯಿಂದ.

ನಾನು ತಾರಾಮತಿ. ಆ ಕೇಂದ್ರದಲ್ಲಿ ಸಂಪರ್ಕ ಎಂಜಿನಿಯರ್ ಆಗಿದ್ದೆ. ಗಗನಯಾತ್ರಿಯ ಬಾಯಿಗೂ ಭೂಮಿಯ ಕಿವಿಗೂ ನಡುವೆ ಇರುವ ಸರಂಜಾಮೆಲ್ಲ ನನ್ನ ಸುಪರ್ದಿಯಲ್ಲಿತ್ತು. ಅದರಲ್ಲಿ 'ಪೂರಕ' ಎಂಬ ಯಂತ್ರವನ್ನು ನಾನೇ ರೂಪಿಸಿದ್ದೆ. ಅದರ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪೂರಕದ ಕೆಲಸ ಹೀಗೆ. ನೌಕೆಯಲ್ಲಿ ಒಂದು ಪೆಟ್ಟಿಗೆ, ಭೂಮಿಯಲ್ಲಿ ಒಂದು ಪೆಟ್ಟಿಗೆ. ನೌಕೆಯ ಪೆಟ್ಟಿಗೆ ಮಾತನ್ನು ಕೇಳಿಸಿಕೊಂಡು, ಧ್ವನಿಯನ್ನು ಧ್ವನಿಯಾಗಿ ಕಳಿಸದೆ, ಅದರಲ್ಲಿನ ಒಂದೊಂದು ಉಚ್ಚಾರಕ್ಕೂ ಒಂದೊಂದು ಸಂಕೇತ ಕೊಟ್ಟು ಆ ಸಂಕೇತಗಳನ್ನಷ್ಟೇ ಕಳಿಸುತ್ತದೆ. ಭೂಮಿಯ ಪೆಟ್ಟಿಗೆ ಅವನ್ನು ಜೋಡಿಸಿ, ಮೊದಲೇ ಮುದ್ರಿಸಿಟ್ಟುಕೊಂಡ ಗಗನಯಾತ್ರಿಯ ದನಿಯಲ್ಲೇ ಆಡಿ ತೋರಿಸುತ್ತದೆ. ದಾರಿಯಲ್ಲಿ ಕೆಲವು ಸಂಕೇತ ಕಳೆದುಹೋದರೆ ಸುತ್ತಲ ಮಾತು ನೋಡಿ ಊಹಿಸಿ ತುಂಬುತ್ತದೆ. ಎಷ್ಟು ತುಂಬಬೇಕೆಂದು ಹೇಳಲು ಸೊನ್ನೆಯಿಂದ ಹತ್ತರವರೆಗೆ ತಿರುಗುವ ಒಂದು ಗುಬುಟು. ಸೊನ್ನೆಯಲ್ಲಿಟ್ಟರೆ ಬಂದದ್ದು ಬಂದ ಹಾಗೆ. ಹತ್ತರಲ್ಲಿಟ್ಟರೆ ರೇಡಿಯೋ ವಾರ್ತೆ.

ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಮ್ಮ ಬಾಹ್ಯಾಕಾಶ ಮಂಡಳಿಯ ಸೌರ ವೀಕ್ಷಣಾಲಯವೊಂದು ಕೆಟ್ಟು ನಿಂತಿತ್ತು. ಅದರ ಕನ್ನಡಿಯ ತಿರುಪು ತಿರುಪನ್ನೂ ಬಲ್ಲವರು ತಳವಾರ ಒಬ್ಬರೇ. 'ಸಾರಥಿ' ಎಂಬ ಒಂಟಿ ಆಸನದ ನೌಕೆಯಲ್ಲಿ ಹೋಗಿ, ರಿಪೇರಿ ಮಾಡಿ, ನೂರಿಪ್ಪತ್ತು ದಿನದಲ್ಲಿ ಅವರು ವಾಪಸಾಗಬೇಕಿತ್ತು. ಆಯ್ಕೆ ಸಮಿತಿಯಲ್ಲಿ ಯಾರೋ ಅವರ ತೊದಲಿನ ಮಾತೆತ್ತಿದಾಗ ನಾನೇ ಎದ್ದು ನಿಂತು, "ಅದಕ್ಕೆ ನಮ್ಮ ಯಂತ್ರ ಇದೆ" ಎಂದೆ. ಸಭೆ ಮುಗಿದ ಮೇಲೆ ತಳವಾರ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಮೇಡಂ, ಒಂದ್ ಉ... ಉಪಕಾರ ಮಾಡ್ರಿ. ಅಲ್ಲಿಂದ ನಾ ಮಾತಾಡಿದ್ದು ದೇ... ದೇಶನ ಕೇಳತೈತಿ. ನನ್ನ ಮ... ಮಗಳ ಸಾಲಿ ಹುಡುಗ್ರೂ ಕೇಳತಾರ. ಇದನ್ನ ತ... ತಗದ ಬಿಡ್ರಿ."

ನಲವತ್ತು ತಾಸು ಧ್ವನಿ ಮುದ್ರಿಸಿ, ಅದರಲ್ಲಿ ತೊದಲಿಲ್ಲದ ಚೂರುಗಳನ್ನಷ್ಟೇ ಆರಿಸಿ ನಾನು ಯಂತ್ರಕ್ಕೆ ಕೊಟ್ಟೆ. ಒಬ್ಬ ಒಳ್ಳೆಯ ಮನುಷ್ಯನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ.

ಹಾರಿದ ಹತ್ತೊಂಬತ್ತನೆಯ ದಿನ ಸಾರಥಿಯ ದೊಡ್ಡ ಆಂಟೆನಾದ ಕೀಲು ಸಿಕ್ಕಿಕೊಂಡಿತು. ಉಳಿದದ್ದು ತಟ್ಟೆಯಷ್ಟಗಲದ ಚಿಕ್ಕ ಆಂಟೆನಾ. ಸಾಲದ್ದಕ್ಕೆ ನೌಕೆಯ ಬೆನ್ನಿಗೇ ಸೂರ್ಯ. ಸೂರ್ಯನೂ ಒಂದು ದೊಡ್ಡ ರೇಡಿಯೋ, ದಿನವಿಡೀ ಗದ್ದಲ ಮಾಡುತ್ತಿರುತ್ತಾನೆ. ಆ ಗದ್ದಲದಲ್ಲಿ ಅವರ ಮಾತು ಹುಡುಕುವುದು ಸಂತೆಯಲ್ಲಿ ಪಿಸುಮಾತು ಹುಡುಕಿದ ಹಾಗಾಯಿತು. ನಮ್ಮ ದೊಡ್ಡ ಡಿಶ್ಶಿನಿಂದ ಹೊರಟ ದನಿ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಅಲ್ಲಿಂದ ಬರುವುದಕ್ಕೆ ಮಾತ್ರ ಕುತ್ತು. ನೌಕೆ ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುವುದರಿಂದ ಸಂಪರ್ಕವೇನಿದ್ದರೂ ಹಗಲು. ಭೂಮಿಯ ಆ ಬದಿಯಲ್ಲಿ ನಮಗೆ ಕೇಂದ್ರವಿರಲಿಲ್ಲ.

ನೌಕೆಯಿಂದ ತಾನಾಗಿ ಬರುತ್ತಿದ್ದ ಮುನ್ನೂರು ಅಂಕಿಗಳನ್ನು ಹನ್ನೆರಡಕ್ಕೆ ಇಳಿಸಿದೆವು: ಬ್ಯಾಟರಿ, ವಿದ್ಯುತ್ತು, ಇಂಧನ, ಇಂಥವು. ಉಳಿದವುಗಳಲ್ಲಿ ಮುಖ್ಯವಾದ ಹತ್ತನ್ನು ತಳವಾರ ಪ್ರತಿದಿನ ಬೆಳಿಗ್ಗೆ ಮೀಟರು ನೋಡಿ ಬಾಯಲ್ಲಿ ಹೇಳಬೇಕು. ನಮ್ಮ ಕಡೆಯ ಸಂವಾದಕ ಇನಾಯತ್ ಅದನ್ನು ತಿರುಗಿ ಹೇಳಬೇಕು. ಅವರು 'ಹೌದು' ಅಂದರೆ ದಾಖಲಾಗುತ್ತದೆ. ಹೇಳಿದ್ದನ್ನು ತಿರುಗಿ ಹೇಳುವ ಈ ಪದ್ಧತಿ ರೇಡಿಯೋದಷ್ಟೇ ಹಳೆಯದು. ಎಷ್ಟೋ ಜೀವ ಉಳಿಸಿದೆ.

ಪೂರಕ ಚಾಲೂ ಆಯಿತು. ಮೊದಲ ವಾರ ದಿನಕ್ಕೆ ಏಳೆಂಟು ತಪ್ಪು. ಅವರು ಇಪ್ಪತ್ತೊಂದು ಅಂದದ್ದು ನಮಗೆ ಹನ್ನೊಂದು, ತಿರುಗಿ ಹೇಳಿದಾಗ ಅವರು ಅಲ್ಲ ಎನ್ನುವುದು, ಮತ್ತೆ ಮೊದಲಿಂದ. ನಿರ್ದೇಶಕ ಧರಣೇಂದ್ರ ಉಪಾಧ್ಯೆಯವರ ಮುಖ ದಿನದಿನಕ್ಕೂ ಗಂಟಾಗುತ್ತಿತ್ತು. "ಏನ್ರೀ ತಾರಾಮತಿ, ಹತ್ತು ಅಂಕಿ ಬರ್ಕೊಳ್ಳಿಕ್ಕೆ ಒಂದು ತಾಸು ಬೇಕೇನು?" ಎಂದರು ಒಂದು ದಿನ, ಎಲ್ಲರ ಮುಂದೆ. ನನಗೆ ಮೈಯೆಲ್ಲ ಉರಿಯಿತು.

ಅವತ್ತು ನಾನೊಂದು ಉಪಾಯ ಮಾಡಿದೆ. ಯಂತ್ರ ಊಹಿಸುವುದು ಸುತ್ತಲ ಮಾತು ನೋಡಿ ತಾನೆ? ಹಾಗಾದರೆ ಹಿಂದಿನ ದಿನಗಳ ದಾಖಲೆಯನ್ನೂ ಅದಕ್ಕೆ ಕೊಡೋಣ, ಇನಾಯತ್ ಆಡುವ ಮಾತನ್ನೂ ಕೇಳಿಸೋಣ. ನಿನ್ನೆ ಮೊನ್ನೆ ಏನು ಹೇಳಿದ್ದರು, ಈಗ ಇನಾಯತ್ ಏನು ಕೇಳಿದ, ಎಲ್ಲ ಗೊತ್ತಿದ್ದರೆ ಊಹೆ ಗಟ್ಟಿಯಾಗುತ್ತದೆ. ಗುಬುಟನ್ನು ಹತ್ತಕ್ಕೆ ತಿರುಗಿಸಿದೆ. ಮರುದಿನ ಒಂದೂ ತಪ್ಪಿಲ್ಲ. ಅದರ ಮರುದಿನವೂ ಇಲ್ಲ. ಉಪಾಧ್ಯೆ ಧಾರವಾಡ ಪೇಢೆ ತರಿಸಿ ಹಂಚಿದರು. ನಲವತ್ತನಾಲ್ಕು ದಿನ ಒಂದೇ ಒಂದು ತಪ್ಪು ಬರಲಿಲ್ಲ. ಸೂರ್ಯನ ಗದ್ದಲದ ನಡುವೆ ನಲವತ್ತನಾಲ್ಕು ದಿನ ತಪ್ಪೇ ಇಲ್ಲವೆಂದರೆ ಎಂಥ ಎಂಜಿನಿಯರಿಗೂ ಅನುಮಾನ ಬರಬೇಕಿತ್ತು. ನಾನು ಪೇಢೆ ತಿಂದೆ.

ತಳವಾರರ ಹೆಂಡತಿ ಅಂಬಿಕಾ ವಿಜಯಪುರದ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ರಜೆ ಹಾಕಿ, ಎಂಟು ವರ್ಷದ ಮಗಳು ಓಜಸ್ವಿನಿಯನ್ನು ಕರೆದುಕೊಂಡು ಕೇಂದ್ರದ ಕ್ವಾರ್ಟರ್ಸಿನಲ್ಲೇ ಇದ್ದರು. ಭಾನುವಾರ ಮಧ್ಯಾಹ್ನ ಹದಿನೈದು ನಿಮಿಷ ಮನೆಯವರ ಜೊತೆ ಮಾತು. ನಮ್ಮ ತಂತಿ ಅವರ ಅಡುಗೆಮನೆಯ ಸ್ಪೀಕರಿನವರೆಗೂ ಹೋಗಿತ್ತು. ಸರಿಯಾಗಿದೆಯೋ ಇಲ್ಲವೋ ನೋಡುವ ನೆಪದಲ್ಲಿ ನಾನೂ ಅಲ್ಲಿರುತ್ತಿದ್ದೆ. ನಿಜ ಹೇಳಬೇಕೆಂದರೆ ಅಂಬಿಕಾ ಮಾಡುವ ಶೇಂಗಾ ಚಟ್ನಿಯ ಆಸೆಯೂ ಇತ್ತು.

ಓಜುಗಂತೂ ಆ ದನಿ ಎಂದರೆ ಪ್ರಾಣ. "ಅಪ್ಪ ಟೀವಿಯಾಗಿನವರಂಗ ಮಾತಾಡತಾನ! ಒಂದೂ ತೊದಲಂಗಿಲ್ಲ!" ಎಂದು ಕುಣಿಯುತ್ತಿದ್ದಳು. ಶಾಲೆಯ ಮಕ್ಕಳು ಅವಳಪ್ಪನನ್ನು ಅಣಕಿಸುತ್ತಿದ್ದರಂತೆ. ಈಗ ಅವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಅಂಬಿಕಾ ಮಾತ್ರ ನಗುತ್ತಿರಲಿಲ್ಲ. ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗಂಡ ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅಭ್ಯಾಸಬಲ.

ಅರವತ್ತೊಂಬತ್ತನೆಯ ದಿನ, ಭಾನುವಾರ, ಮಾತು ಮುಗಿದ ಮೇಲೆ ಮಗಳನ್ನು ಆಡಲು ಕಳಿಸಿ, ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು.

"ಮೇಡಂ, ಇದು ಈ ವಾರದ್ದು. ಇದು ಹೋದ ವಾರದ್ದು. ಇದು ಅದರ ಹಿಂದಿನದ್ದು. ಓದಿ ಹೇಳತೀನಿ, ಕೇಳ್ರಿ."

ಓದಿದರು. ಮೂರು ವಾರವೂ ಹೆಚ್ಚುಕಡಿಮೆ ಅದೇ ಮಾತು, ಅದೇ ಕ್ರಮ. ಆರಾಮ ಅದೇನಿ, ಊಟ ಚೊಲೋ ಐತಿ, ಓಜು ಹೆಂಗದಾಳ, ಕನ್ನಡಿ ಕೆಲಸ ಮುಗಿಯಾಕ ಬಂತು.

"ದಿನಾ ಅದೇ ಕೆಲಸ, ಅದೇ ಊಟ. ಬೇರೆ ಇನ್ನೇನು ಹೇಳ್ತಾರೆ?" ಎಂದೆ.

"ಇಪ್ಪತ್ತ ವರ್ಷ ಸಾಕ್ಷಿ ಬರಕೊಂಡೀನ್ರಿ ನಾನು. ಖರೇ ಕಂಡಾಂವ ಒಮ್ಮಿ ಹಿಂದ, ಒಮ್ಮಿ ಮುಂದ ಹೇಳತಾನ. ಒಂದ ಸಾಲು ತಪ್ಪದಂಗ ಯಾರ ಹೇಳತಾರ ಗೊತ್ತೇನು? ವಕೀಲರು ಕಲಿಸಿ ಕಳಿಸಿದ ಸಾಕ್ಷಿ." ಸಾಲಿನ ಮೇಲೆ ಬೆರಳು ಓಡಿಸಿದರು. "ನಡುವ ನಿಲ್ಲೂದು ಎಲ್ಲಿ ಹೋತು? ಅವರು ನಿಂತಾಗ ಏನ ಹೇಳಾಕ ಹೊಂಟಾರ ಅನ್ನೂದು ನನಗ ತಿಳೀತದ. ಈಗ ನಿಲ್ಲೂದ ಇಲ್ಲ."

"ತೊದಲು ತೆಗೀರಿ ಅಂತ ಅವರೇ ಕೇಳಿಕೊಂಡಿದ್ದು, ಅಂಬಿಕಾ."

"ಕೇಳೇ ಕೇಳತಾರ. ಸಣ್ಣವರಿದ್ದಾಗಿಂದ ಮಂದಿ ಅವರ ಮಾತ ಮುಗಿಸಿ ಕೊಟ್ಟಾರ. ತಪ್ಪ ಮುಗಿಸಿದ್ರೂ ಇವರು ಹೂಂ ಅಂತಾರ. ಎದುರಾಡಾಕ ಮತ್ತ ಮಾತ ಬೇಕಲ್ಲ? ನೀವ ಒಮ್ಮಿ ನೀರ ಕುಡಿಸಿದ್ರಂತ. ಮನಿಗೆ ಬಂದು ನಕ್ಕೋಂತ ಹೇಳಿದ್ರು, ನಾ ಒಂದ ನಿಮಿಷ ಕೇಳಿದ್ನಿ, ಗ್ಲಾಸ್ ತುಂಬ ನೀರ ಸಿಕ್ಕತು ಅಂತ." ಅಂಬಿಕಾ ನೋಟ್‌ಬುಕ್ ಮುಚ್ಚಿದರು. "ಹೆಣ್ಣ ನೋಡಾಕ ಬಂದಾಗ ನನ್ನ ಹೆಸರ ಕೇಳಾಕ ಎರಡು ನಿಮಿಷ ತಗೊಂಡ್ರು. ಎಲ್ಲಾರೂ ಅವರ ಬಾಯಾಗ ಮಾತು ತುರುಕಾಕ ಹತ್ತಿದ್ರು. ನಾ ಸುಮ್ಮ ಕುಂತಿದ್ನಿ. ಅದಕ್ಕ ನನ್ನ ಒಪ್ಪಿದ್ರಂತ. ಒಂದ ಸಲ, ಮೇಡಂ. ಒಂದ ಸಲ ಅವರ ಖರೇ ಮಾತು ಕೇಳಸ್ರಿ."

ನೋಡುತ್ತೇನೆ ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ಸಿಟ್ಟು. ಕೋರ್ಟಿನಲ್ಲಿ ಗೀಚುವವಳು ನನ್ನ ಯಂತ್ರಕ್ಕೆ ಹೆಸರಿಡುವುದೇ ಎಂದು. ಆ ಸಿಟ್ಟಿನಲ್ಲಿ ಎರಡು ದಿನ ಕಳೆದೆ. ಈ ಎರಡು ದಿನಗಳ ಲೆಕ್ಕವನ್ನು ನಾನು ಯಾರಿಗೂ ಒಪ್ಪಿಸಲಾರೆ.

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಬಂದು, ಬೇರೆ ಕೆಲಸವಿರಲಿಲ್ಲವೆಂದು, ಅಂದಿನ ಬೆಳಗಿನ ಸಂಕೇತಗಳನ್ನು ತೆಗೆದು ಗುಬುಟನ್ನು ಸೊನ್ನೆಗಿಟ್ಟು ಕಿವಿಗೆ ಹಾಕಿಕೊಂಡೆ. ಬೆಳಿಗ್ಗೆ ನಾವೆಲ್ಲ ಕೇಳಿದ್ದು, "ನಮಸ್ಕಾರ ಹುಲಿಕುಂಟೆ, ಸಾರಥಿ ಮಾತಾಡ್ತಿರೋದು, ಮೊದಲನೇ ಅಂಕಿ..." ಎಂಬ ಸೊಗಸಾದ ಮಾತು. ಈಗ ಕೇಳಿದ್ದು: "ನ... ಹು... ಹು... ಆ..." ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನಾಲಗೆ ದಪ್ಪಗಾದವರ ಹಾಗೆ ಒಂದೆರಡು ಉಚ್ಚಾರ. ಅಂಕಿಯೇ ಇಲ್ಲ. ಒಂದೂ ಇಲ್ಲ.

ಸೂರ್ಯನ ಗದ್ದಲ ಜಾಸ್ತಿಯಿರಬೇಕೆಂದು ನೋಡಿದೆ. ಇರಲಿಲ್ಲ. ಸಂಕೇತಗಳೆಲ್ಲ ಸರಿಯಾಗಿಯೇ ತಲುಪಿದ್ದವು. ಕಳೆದುಹೋದದ್ದು ಏನೂ ಇರಲಿಲ್ಲ.

ಇನಾಯತ್‌ನನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ದಿನಗಳನ್ನು ಒಂದೊಂದಾಗಿ ತೆಗೆದೆ. ಹತ್ತು ಅಂಕಿಗಳಲ್ಲಿ ಐದನೆಯದು ಕೋಣೆಯ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅದರ ಒತ್ತಡ ಪಾದರಸದ ನಾಲ್ಕು ಮಿಲಿಮೀಟರ್ ಇರಬೇಕು. ಆರಾದರೆ ಎಚ್ಚರ, ಹದಿನೈದಾದರೆ ತಲೆ ಮಂಜು, ನಲವತ್ತು ದಾಟಿದರೆ ನಿದ್ದೆ ಹತ್ತಿದವನು ಏಳುವುದಿಲ್ಲ. ನಮ್ಮ ದಾಖಲೆಯಲ್ಲಿ ಎಪ್ಪತ್ತೊಂದು ದಿನವೂ ನಾಲ್ಕೇ ಇತ್ತು.

ಐವತ್ತೈದನೆಯ ದಿನ. ತಳವಾರರ ದನಿ, ತೊದಲಿನ ಸಮೇತ: "ಐ... ಐದನೇದು, ಒಂ... ಒಂಬತ್ತು."

ಇನಾಯತ್‌ನ ದನಿ: "ಐದನೇದು ನಾಲ್ಕು. ಸರಿ ತಾನೆ?"

"ನಾ... ನಾಲ್ಕಲ್ಲ. ಒಂ... ಒಂ... ಒಂಬತ್ತು."

ಇದನ್ನು ನನ್ನ ಪೂರಕ ಅಂದು ನಮಗೆ ಕೇಳಿಸಿದ್ದು ಹೀಗೆ: "ನಾಲ್ಕು. ಹೌದು."

ಐವತ್ತು ದಿನ ನಾಲ್ಕು ಎಂದೇ ಕಲಿತ ಯಂತ್ರಕ್ಕೆ ಒಂಬತ್ತು ಕೇಳಿಸಿದರೆ ಅದು ಗದ್ದಲದ ತಪ್ಪು ಅನ್ನಿಸುತ್ತದೆ. ಇನಾಯತ್ ಬೇರೆ ನಾಲ್ಕು ಎಂದಿದ್ದಾನೆ. ಅನುಮಾನಕ್ಕೆ ಎಡೆಯೇ ಇಲ್ಲ. ತಿರುಗಿ ಹೇಳಿ ಪರೀಕ್ಷಿಸುವ ಪದ್ಧತಿಗೆ ನಾನೇ ಉತ್ತರ ಹೇಳಿಕೊಟ್ಟಿದ್ದೆ.

ಐವತ್ತೆಂಟನೆಯ ದಿನ ಅವರು ಅಲಾರಂ ಬಡಿಯುತ್ತಿದೆ ಎಂದಿದ್ದರು. ನಮಗೆ ಕೇಳಿದ್ದು, ವಾರವಾರವೂ ಅವರು ಹೇಳುವ, "ಅಲಾರಂ ಪರೀಕ್ಷೆ ಮುಗೀತು." ಇನಾಯತ್ "ಒಳ್ಳೇದು, ಆಫ್ ಮಾಡಿ" ಎಂದಿದ್ದ. ಮಾಡಿದ್ದರು. ಅರವತ್ತೆರಡರಂದು ಹದಿಮೂರು, ತಲೆನೋವು. ಅರವತ್ತನಾಲ್ಕರಂದು ಮೀಟರು ಹದಿನೆಂಟು ತೋರಿಸುತ್ತಿದೆ, ಗಾಳಿ ಶುದ್ಧಿ ಮಾಡುವ ಫ್ಯಾನು ನಿಧಾನವಾಗಿದೆ, ಬದಲಿ ಫ್ಯಾನು ಹಾಕಲೇ ಎಂದು ಕೇಳಿದ್ದರು. ಭೂಮಿಯ ಅಪ್ಪಣೆಯಿಲ್ಲದೆ ಏನನ್ನೂ ಮುಟ್ಟಬಾರದೆಂಬ ನಿಯಮ ಬೇರೆ. ಮೂರು ಸಲ ಕೇಳಿದ್ದರು. ಮೂರು ಸಲವೂ ಇನಾಯತ್ ನಗುನಗುತ್ತ, "ನಾಲ್ಕು, ದಾಖಲಾಯ್ತು ಸಾರ್" ಎಂದಿದ್ದ.

ಅರವತ್ತಾರನೆಯ ದಿನ ಅವರು ಹೇಳಿದ್ದು: "ಹೂಂ. ನಾ... ನಾಲ್ಕು. ನಂದ... ತಪ್ಪಿರಬೇಕು."

ಇನಾಯತ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮೇಡಂ, ನಾನು ಅವರಿಗೆ ಸುಳ್ಳು ಹೇಳ್ತಾ ಇದ್ದೆ" ಎಂದ. ಅವನದ್ದೇನೂ ತಪ್ಪಿರಲಿಲ್ಲ. ಅದನ್ನು ಅವನಿಗೆ ಹೇಳುವಷ್ಟೂ ವ್ಯವಧಾನ ನನಗಿರಲಿಲ್ಲ. ಉಪಾಧ್ಯೆಯವರ ಕೋಣೆಗೆ ಓಡಿದೆ.

ಆಗ ಎರಡು ಗಂಟೆ ಹತ್ತು ನಿಮಿಷ. ಆರು ಗಂಟೆ ಐದಕ್ಕೆ ಸಾರಥಿ ಸೂರ್ಯನೊಂದಿಗೆ ಮುಳುಗುತ್ತದೆ.

ಮಾಡಬೇಕಾದ ಕೆಲಸ ಚಿಕ್ಕದು. ಮಲಗುವ ಹಾಸಿಗೆಯ ಹಿಂದೆ ಒಂದು ಫಲಕ, ಎರಡು ಚಿಲಕ, ಒಳಗೆ ಕೆಂಪು ಹಿಡಿಕೆ. ಅದನ್ನು ಕೆಳಗೆಳೆದರೆ ಬದಲಿ ಫ್ಯಾನು ತಿರುಗುತ್ತದೆ; ಭೂಮಿಯಿಂದ ಅದನ್ನು ಎಳೆಯುವ ಹಾಗಿಲ್ಲ, ಅವರ ಕೈಯೇ ಬೇಕು. ತಿರುಗಿದರೆ ನೌಕೆಯ ವಿದ್ಯುತ್ ಬಳಕೆ ಮೂರು ಆಂಪಿಯರಿನಿಂದ ಮೂರೂವರೆಗೆ ಏರುತ್ತದೆ. ಆ ಅಂಕಿ ಬಾಯಿಮಾತಿನದಲ್ಲ, ತಾನಾಗಿ ಬರುವ ಹನ್ನೆರಡರಲ್ಲಿ ಒಂದು. ಅದಕ್ಕೆ ಪೂರಕದ ಹಂಗಿಲ್ಲ.

ಗುಬುಟನ್ನು ಸೊನ್ನೆಯಲ್ಲೇ ಇಟ್ಟೆ. ಇನಾಯತ್ ಕೂಗಿದ, ಮತ್ತೆ ಕೂಗಿದ. ಮಾತು ಹೋಗಲು ಐದು ಸೆಕೆಂಡು, ಬರಲು ಐದು ಸೆಕೆಂಡು. ಬಂದದ್ದು ಬರೀ ಗೊಣಗು. ಮೂರು ಗಂಟೆಯ ಹೊತ್ತಿಗೆ ಅದೂ ನಿಂತಿತು. ಉಪಾಧ್ಯೆ ಬೆವರುತ್ತ ನನ್ನ ಬಳಿ ಬಂದು, "ಸ್ವಲ್ಪ ಮಟ್ಟ ಏರಿಸ್ರಿ, ಏನ್ ಹೇಳ್ತಾರಂತನಾದ್ರೂ ತಿಳೀಲಿ" ಎಂದರು.

"ಏರಿಸಿದ್ರೆ ನಮಗೆ ಬೇಕಾದ್ದನ್ನ ಹೇಳತ್ತೆ ಸಾರ್. ಅವರು ಹೇಳಿದ್ದನ್ನಲ್ಲ" ಎಂದೆ. "ಅಂಬಿಕಾ ಅವರನ್ನ ಕರೆಸಿ."

ಅಂಬಿಕಾ ಬಂದಾಗ ಮೂರೂ ಮುಕ್ಕಾಲು. ನಾನು ಎಲ್ಲವನ್ನೂ ಹೇಳಿದೆ. ಏನೂ ಮುಚ್ಚಿಡಲಿಲ್ಲ. ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊಡೆಯಲಿಲ್ಲ. ಮೈಕಿನ ಮುಂದೆ ಕೂತು ಸೆರಗು ಸರಿಮಾಡಿಕೊಂಡು, ಅಡುಗೆಮನೆಯಿಂದ ಕೂಗುವಂತೆ ಕೂಗಿದರು.

"ರೀ. ಏಳ್ರಿ. ನಾ ಬಂದೀನಿ."

ಹತ್ತು ಸೆಕೆಂಡು. ಇಪ್ಪತ್ತು. ಒಂದು ನಿಮಿಷ. ಇನಾಯತ್ ಮತ್ತೆ ಕರೆಯಲು ಮುಂದೆ ಬಾಗಿದ. ಅಂಬಿಕಾ ಕೈ ಅಡ್ಡ ಹಿಡಿದರು. ನಾಲ್ಕು ನಿಮಿಷವಾಯಿತು.

"ಅಂ..." ಎಂದಿತು ಸ್ಪೀಕರು.

ಕೋಣೆಯಲ್ಲಿ ಯಾರೋ ಬಿಕ್ಕಿದರು. ಅಂಬಿಕಾರ ಮುಖ ಅಲುಗಲಿಲ್ಲ. "ಹೂಂ, ನಾನ. ನಾಲ್ಕಲ್ಲರಿ. ನೀವು ಹೇಳಿದ್ದ ಖರೇ ಇತ್ತು. ಇವರದ ತಪ್ಪು. ಈಗ ಹಾಸಿಗಿ ಹಿಂದ ಒಂದ ಬಾಗಲ ಐತಿ, ಅಲ್ಲಿ ಹೋಗ್ರಿ." ಮತ್ತೆ ಸುಮ್ಮನಾದರು.

ಹೀಗೆ ಎರಡು ತಾಸು. ಒಂದು ಮಾತು ಹೇಳುವುದು, ಕಾಯುವುದು. ಉಪಾಧ್ಯೆ ಗಡಿಯಾರ ನೋಡುತ್ತ, "ಲಗೂ ಹೇಳ್ರಿ ಅವ್ವಾ, ಹೊತ್ತು ಮುಳುಗಾಕ ಹತ್ತೇತಿ" ಎಂದು ಅಂಗಲಾಚಿದರು. "ಅವಸರ ಮಾಡಿದ್ರ ಅವರು ಹೂಂ ಅಂತಾರ, ಮಾಡಂಗಿಲ್ಲ" ಎಂದರು ಅಂಬಿಕಾ. ಐದು ಗಂಟೆ ನಲವತ್ತಕ್ಕೆ, ಬಹಳ ತೊದಲಿ, ಬಹಳ ನಿಂತು, "ಒ... ಒಂದ... ಚಿ... ಚಿಲ್ಕ..." ಎಂದರು ತಳವಾರ. ಒಂದು ಚಿಲಕ ತೆಗೆದಿದ್ದರು. ಎಲ್ಲರ ಕಣ್ಣೂ ಗೋಡೆಯ ಮೇಲಿನ ವಿದ್ಯುತ್ ಅಂಕಿಯ ಮೇಲೆ. ಮೂರು. ಮೂರು. ಮೂರು.

ಆರು ಗಂಟೆ ನಾಲ್ಕಕ್ಕೆ ಅವರು ಏನನ್ನೋ ಹೇಳಲು ಶುರುಮಾಡಿದರು. "ಮ..." ಎಂದರು. "ಮ..." ಎಂದರು. ಅಂಬಿಕಾ ಕಾದರು. ಡಿಶ್ಶು ನೆಲದ ಮಟ್ಟಕ್ಕೆ ಬಾಗಿ ನಿಂತಿತು, ಅಂಕಿಗಳೆಲ್ಲ ಆರಿದವು. ಅಂಬಿಕಾ ಇನ್ನೂ ಹಾಗೆಯೇ, ಉತ್ತರಕ್ಕೆ ಕಾಯುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ಆರೂವರೆಗೆ ನಿಯಂತ್ರಣ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಂಟೀನಿನವರೂ ಬಂದು ನಿಂತಿದ್ದರು. ಅಂಬಿಕಾರ ಮೊಣಕಾಲ ಮೇಲೆ ನೋಟ್‌ಬುಕ್, ಕೈಯಲ್ಲಿ ಪೆನ್ಸಿಲ್. ಪಕ್ಕದಲ್ಲಿ ಓಜು, ಶಾಲೆಯ ಸಮವಸ್ತ್ರದಲ್ಲೇ. ಅವಳನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಏನನ್ನೂ ಹೇಳಿರಲಿಲ್ಲ.

ಆರು ನಲವತ್ತೊಂದಕ್ಕೆ ಸಾರಥಿ ಸಿಕ್ಕಿತು. ಗೋಡೆಯ ಮೇಲೆ ಅಂಕಿ ಹೊತ್ತಿತು: ಮೂರೂವರೆ.

ಕೋಣೆ ಹೋ ಎಂದಿತು. ಇನಾಯತ್ ನನ್ನನ್ನು ಹಿಡಿದು ಅಲ್ಲಾಡಿಸಿದ. ಉಪಾಧ್ಯೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಾತ್ರಿ ಯಾವುದೋ ಗಳಿಗೆಯಲ್ಲಿ ಆ ಮನುಷ್ಯ ಎರಡನೆಯ ಚಿಲಕವನ್ನೂ ತೆಗೆದು, ಕೆಂಪು ಹಿಡಿಕೆ ಎಳೆದಿದ್ದರು. ಕೆಲವು ತಾಸು ಫ್ಯಾನು ತಿರುಗಿದ್ದರೂ ಕೋಣೆಯ ಗಾಳಿ ಈ ಹೊತ್ತಿಗೆ ಶುದ್ಧ. ನಾನು ಅತ್ತೆ. ಜೋರಾಗಿ, ನಾಚಿಕೆಯಿಲ್ಲದೆ ಅತ್ತೆ.

ಇನಾಯತ್ ಕರೆದ. ಹತ್ತು ಸೆಕೆಂಡಿಗೆ ಸ್ಪೀಕರಿನಿಂದ ಬಂತು: "ಸ್ಸ್ಸ್... ಹ್ಹ್ಹ್... ಸ್ಸ್ಸ್..."

"ಉಸಿರು! ಉಸಿರಾಡ್ತಿದ್ದಾರೆ!" ಎಂದು ಯಾರೋ ಕೂಗಿದರು. ಮತ್ತೆ ಕರೆದ. ಮತ್ತೆ ಅದೇ ಸ್ಸ್ಸ್, ಹ್ಹ್ಹ್. ಅಂಬಿಕಾ ಕರೆದರು. ಕಾದರು. ಅದೇ.

"ಪಿಸುಗುಡ್ತಿರಬೇಕು. ನಿಶ್ಶಕ್ತಿ" ಎಂದರು ಉಪಾಧ್ಯೆ. "ತಾರಾಮತಿ, ಈಗಾದ್ರೂ ಏರಿಸ್ರಿ. ಸ್ವಲ್ಪ."

ಏರಿಸಬಾರದೆಂದು ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ. ಉಸಿರಿಗೆ ಏರಿಳಿತವಿರುತ್ತದೆ. ಈ ಸದ್ದಿಗೆ ಇರಲಿಲ್ಲ. ಆದರೂ ಅವರು ಬದುಕಿರಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ನನ್ನ ಕೈ ತಾನಾಗಿ ಹೋಗಿ ಗುಬುಟನ್ನು ತಿರುಗಿಸಿತು. ಸ್ವಲ್ಪವಲ್ಲ. ಹತ್ತಕ್ಕೆ.

"ನಮಸ್ಕಾರ ಹುಲಿಕುಂಟೆ. ಸಾರಥಿ ಮಾತಾಡ್ತಿರೋದು. ಎಲ್ಲಾ ಆರಾಮ. ಐದನೇ ಅಂಕಿ, ನಾಲ್ಕು."

ಚಪ್ಪಾಳೆಯೋ ಚಪ್ಪಾಳೆ. ಓಜು ಕುರ್ಚಿಯಿಂದ ಹಾರಿ ಇಳಿದು ಮೈಕಿಗೆ ಬಾಯಿಟ್ಟಳು. "ಅಪ್ಪಾ! ಊಟ ಮಾಡಿದಿ?"

ಹತ್ತು ಸೆಕೆಂಡು.

"ಮಾಡೇನಿ, ಓಜು. ಚೊಲೋ ಇತ್ತು. ನೀ ಏನ್ ತಿಂದಿ?"

ನಾನು ಅಂಬಿಕಾರ ಕಡೆ ನೋಡಿದೆ. ನೋಟ್‌ಬುಕ್ಕಿನ ಹಾಳೆ ಖಾಲಿಯಿತ್ತು. ಒಂದು ಗೀಟೂ ಬಿದ್ದಿರಲಿಲ್ಲ. ಅವರು ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಅದು ಫ್ಯಾನಿನ ಸದ್ದು ಹೌದಲ್ರಿ ಮೇಡಂ?" ಎಂದರು, ನನಗಷ್ಟೇ ಕೇಳುವಂತೆ.

ಹೌದು. ತಲೆಗೆ ಕಟ್ಟಿಕೊಂಡಿದ್ದ ಮೈಕು ಫ್ಯಾನಿನ ಬಾಯಿಗೆ ಹತ್ತಿರವಿರಬೇಕು. ಹಿಡಿಕೆ ಎಳೆದಲ್ಲೇ ತಳವಾರ ಒರಗಿಹೋಗಿರಬೇಕು. ಆ ಸದ್ದನ್ನೇ ಉಚ್ಚಾರವೆಂದು ತಿಳಿದು ಒಂದು ಪೆಟ್ಟಿಗೆ ಕಳಿಸುತ್ತಿತ್ತು, ಇನ್ನೊಂದು ಪೆಟ್ಟಿಗೆ ಅದಕ್ಕೆ ಮಾತು ತುಂಬುತ್ತಿತ್ತು. ನಾಲ್ಕು ಎಂಬ ಅಂಕಿ ಅಂದು ನಿಜವೂ ಆಗಿದ್ದಿರಬಹುದು. ಗಾಳಿ ಅಷ್ಟು ಶುದ್ಧವಾಗಿತ್ತು.

ನಾನು ತಲೆಯಾಡಿಸಿದೆ.

"ಬಂದ್ ಮಾಡ್ರಿ" ಎಂದರು ಅಂಬಿಕಾ.

ಗುಬುಟನ್ನು ಸೊನ್ನೆಗೆ ತಿರುಗಿಸಿದೆ. ಚಪ್ಪಾಳೆ ಒಂದೊಂದಾಗಿ ನಿಂತಿತು. ಸ್ಪೀಕರಿನಲ್ಲಿ ಸ್ಸ್ಸ್ ಎಂಬ ಸದ್ದು ಉಳಿಯಿತು. ಓಜು ಇನ್ನೂ ಮೈಕು ಹಿಡಿದುಕೊಂಡು, ಬೆಳಿಗ್ಗೆ ಉಪ್ಪಿಟ್ಟು ತಿಂದೆ, ಅದರಾಗಿನ ಮೆಣಸಿನಕಾಯಿ ತೆಗೆದಿಟ್ಟೆ ಎಂದು ಹೇಳುತ್ತಲೇ ಇದ್ದಳು.